ಗೋವಿನಜೋಳಕ್ಕೆ ನೀರು ಯಾವಾಗ, ಯೂರಿಯಾ ಯಾವಾಗ?

ಆರಿದ್ರಾ ಮಳೆ ಒಂದು ಹದ ಬಿದ್ದರೆ ಸಾಕು. ಹಾವೇರಿ, ರಾಣೆಬೆನ್ನೂರು, ಸವಣೂರು, ಲಕ್ಷ್ಮೇಶ್ವರ, ಯಾವ ಊರಿಗೆ ಹೋದರೂ ಗೊಬ್ಬರದ ಅಂಗಡಿ ಮುಂದೆ ಬೆಳಗಿನ ಜಾವಕ್ಕೇ ಸರದಿ. ನಿಂತು ಸಾಕಾದವರು ಚಪ್ಪಲಿ ಬಿಟ್ಟು ಜಾಗ ಹಿಡಿದಿರುತ್ತಾರೆ. 2025ರ ಮುಂಗಾರಿನಲ್ಲಿ ಇದನ್ನು ಮತ್ತೆ ನೋಡಿದೆವು. ಹಾವೇರಿಯವರಿಗೆ ಇದು ಹಳೆಯ ಗಾಯ. 2008ರ ಜೂನ್ 10ರಂದು ಗೊಬ್ಬರ ಕೇಳಲು ಬೀದಿಗಿಳಿದ ರೈತರ ಮೇಲೆ ಅಲ್ಲಿ ಗೋಲಿಬಾರ್ ಆಗಿ ಜೀವ ಹೋಗಿತ್ತು.

ಇಷ್ಟು ಕಷ್ಟಪಟ್ಟು ತಂದ ಚೀಲವನ್ನು ನಾವು ಹೊಲದಲ್ಲಿ ಗಾಳಿಗೆ ಒಂದಿಷ್ಟು, ನೀರಿಗೆ ಒಂದಿಷ್ಟು ಬಿಟ್ಟುಕೊಡುತ್ತಿದ್ದೇವೆ. ಯೂರಿಯಾದಿಂದ ಹಾಕಿದ ಸಾರಜನಕದಲ್ಲಿ ಬೆಳೆಗೆ ಸೇರುವುದು ಎಷ್ಟೋ ಹೊಲಗಳಲ್ಲಿ ಅರ್ಧಕ್ಕಿಂತ ಕಮ್ಮಿ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಇದನ್ನು ತಡೆಯೋಕೆ ಹೊಸ ಯಂತ್ರ ಬೇಕಿಲ್ಲ. ನೀರಿನ ಲೆಕ್ಕ ಮತ್ತು ಯೂರಿಯಾ ಲೆಕ್ಕ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಬಹಳ ಉಳಿಯುತ್ತದೆ.

ನಾನು ಇದನ್ನು ಕಲಿತದ್ದು ನಷ್ಟದಿಂದ. ಗೋವಿನಜೋಳ (ಮೆಕ್ಕೆಜೋಳ) ಹಾಕಿದ್ದ ಎರಡು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ, ಬೋರ್‌ವೆಲ್ ಇತ್ತು. ಬಿತ್ತಿ 25 ದಿನಕ್ಕೆ ಎಕರೆಗೆ ಎರಡು ಚೀಲದಂತೆ ಒಂದೇ ಸಲಕ್ಕೆ ಯೂರಿಯಾ ಎರಚಿದೆ. ಮತ್ತೆ ಆಳು ಸಿಗುತ್ತಾರೋ ಇಲ್ಲವೋ, ಮತ್ತೆ ಗೊಬ್ಬರ ಸಿಗುತ್ತದೋ ಇಲ್ಲವೋ ಎಂಬ ಭಯ. ಮರುದಿನದಿಂದ ಮೂರು ದಿನ ಪುಷ್ಯ ಮಳೆ ಹಿಡಿದು ಹೊಡೆಯಿತು. ಹತ್ತು ದಿನ ಹೊಲ ಕಪ್ಪು ಹಸಿರಾಗಿ ನಿಂತಿತು, ನೋಡಿದವರೆಲ್ಲ ಹೊಗಳಿದರು. ಸೂಲಂಗಿ (ಗಿಡದ ತುದಿಯ ಗಂಡು ಹೂ) ಬರುವ ಹೊತ್ತಿಗೆ ಕೆಳಗಿನ ಎಲೆ ಹಳದಿ ತಿರುಗಿದ್ದವು. ಮಳೆ ನಿಂತು ಹನ್ನೆರಡು ದಿನವಾಗಿತ್ತು. ಬೋರ್‌ವೆಲ್ ನೀರನ್ನು ಪಕ್ಕದ ಮೆಣಸಿನ ಗಿಡಕ್ಕೆ ಬಿಡುತ್ತಿದ್ದೆ. ತೆನೆ ಸುಲಿದರೆ ತುದಿ ಮೂರು ಬೆರಳಿನಷ್ಟು ಬೋಳು. ಬದುವಿನ ಆಚೆ ನಮ್ಮ ಕಾಕಾನ ಹೊಲ. ಅದೇ ಬೀಜ, ಅದೇ ಮಣ್ಣು. ಅವರ ತೆನೆ ತುದಿವರೆಗೂ ತುಂಬಿತ್ತು. ಕೇಳಿದ್ದಕ್ಕೆ ಹೇಳಿದರು: "ತಮ್ಮಾ, ನಾ ಒಂದ್ ಚೀಲ ಮನ್ಯಾಗ ಇಟ್ಟಿದ್ದೆ. ಸೂಲಂಗಿ ಬರೂತನಕ ಅದನ್ನ ಮುಟ್ಟಲಿಲ್ಲ. ನೀರೂ ಹಂಗ, ಆವಾಗ ಮೊದಲ ಗೊಂಜಾಳಕ್ಕ ಬಿಟ್ಟೆ."

ಮುಂದೆ ಬರೆದಿರುವುದೆಲ್ಲ ಆ ಮಾತಿನ ವಿವರ.

ಮೊದಲು ಮಣ್ಣು ಯಾವುದು ನೋಡಿ

ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯಲ್ಲಿ ಎರೆಯೂ (ಕಪ್ಪು ಮಣ್ಣು) ಇದೆ, ಮಸಾರಿಯೂ ಇದೆ. ನವಲಗುಂದ, ನರಗುಂದ, ರೋಣದ ಕಡೆ ಆಳವಾದ ಎರೆ. ಹಾವೇರಿ ಜಿಲ್ಲೆಯಲ್ಲಿ ಒಂದೇ ಊರಿನಲ್ಲಿ ಎರಡೂ ಸಿಗುತ್ತವೆ, ಕೆಲವು ಸಲ ಒಂದೇ ಸರ್ವೆ ನಂಬರಿನಲ್ಲಿ. ಒಬ್ಬರ ಹೊಲದ ಪದ್ಧತಿ ಇನ್ನೊಬ್ಬರಿಗೆ ಹೊಂದದೇ ಇರುವುದಕ್ಕೆ ಇದೇ ದೊಡ್ಡ ಕಾರಣ.

ಎರೆ ಮಣ್ಣು ನೀರನ್ನು ಬಹಳ ಹಿಡಿದಿಟ್ಟುಕೊಳ್ಳುತ್ತದೆ. ಬೇರು ಓಡಾಡುವ ಎರಡು ಅಡಿ ಆಳದಲ್ಲಿ ಬೆಳೆಗೆ ಸಿಗುವಂಥ ನೀರು ಅಂದಾಜು 90 ಮಿಲಿಮೀಟರ್. ಮಸಾರಿಯಲ್ಲಿ ಅದು ಅರ್ಧದಷ್ಟು. ಆ ನೀರಿನಲ್ಲಿ ಅರ್ಧ ಖರ್ಚಾಗುವ ಮೊದಲೇ ಮತ್ತೆ ನೀರು ಕೊಡಬೇಕು, ಅದರ ನಂತರ ಬೇರಿಗೆ ಎಳೆದುಕೊಳ್ಳಲು ಕಷ್ಟ. ಬೆಳೆ ಚಿಕ್ಕದಿದ್ದಾಗ ದಿನಕ್ಕೆ 3 ಮಿಲಿಮೀಟರ್ ಕುಡಿಯುತ್ತದೆ ಅನ್ನಿ. ಆಗ ಎರೆಗೆ 15 ದಿನಕ್ಕೊಮ್ಮೆ, ಮಸಾರಿಗೆ 7-8 ದಿನಕ್ಕೊಮ್ಮೆ ನೀರು ಸಾಕು. ಸೂಲಂಗಿ ಹೊತ್ತಿಗೆ ದಿನಕ್ಕೆ 5-6 ಮಿಲಿಮೀಟರ್ ಬೇಕು. ಆಗ ಎರೆಗೆ 8 ದಿನ, ಮಸಾರಿಗೆ 4-5 ದಿನ. ನಡುವೆ ಮಳೆ ಬಂದರೆ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಇದು ಅಂದಾಜು ಲೆಕ್ಕ. ಆದರೆ "ಪಕ್ಕದವರು ಬಿಟ್ಟರು, ನಾನೂ ಬಿಟ್ಟೆ" ಅನ್ನುವುದಕ್ಕಿಂತ ಎಷ್ಟೋ ಮೇಲು.

ಯೂರಿಯಾ ಕಳೆದುಹೋಗುವ ದಾರಿಯೂ ಎರಡು ಮಣ್ಣಿನಲ್ಲಿ ಬೇರೆ ಬೇರೆ. ಮಣ್ಣಿಗೆ ಬಿದ್ದ ಯೂರಿಯಾ ಕೆಲವು ದಿನಗಳಲ್ಲಿ ಅಮೋನಿಯಾ ರೂಪಕ್ಕೆ, ಆಮೇಲೆ ನೈಟ್ರೇಟ್ ರೂಪಕ್ಕೆ ತಿರುಗುತ್ತದೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರು ಹೋದ ಕಡೆ ಹೋಗುತ್ತದೆ. ಮಸಾರಿಯಲ್ಲಿ ಜಾಸ್ತಿ ನೀರು ಬಿಟ್ಟರೆ ಅದು ಬೇರಿನಿಂದ ಕೆಳಗೆ ಇಳಿದುಬಿಡುತ್ತದೆ, ಕೊನೆಗೆ ಅದೇ ನಮ್ಮ ಬೋರ್‌ವೆಲ್ ನೀರಿಗೂ ಸೇರುತ್ತದೆ. ಎರೆಯಲ್ಲಿ ಬೇರೆ ಕಥೆ. ನಮ್ಮ ಎರೆ ಹೊಲಗಳಲ್ಲಿ ಕ್ಷಾರದ ಗುಣ ಹೆಚ್ಚು. ಅಂಥ ಮಣ್ಣಿನ ಮೇಲೆ ಯೂರಿಯಾ ಎರಚಿ ಹಾಗೇ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಇನ್ನು ನೀರು ಎರಡು-ಮೂರು ದಿನ ನಿಂತರೆ ಮಣ್ಣಿನೊಳಗೆ ಗಾಳಿ ಇಲ್ಲದಂತಾಗಿ, ಸೂಕ್ಷ್ಮಜೀವಿಗಳು ನೈಟ್ರೇಟನ್ನು ಅನಿಲ ಮಾಡಿ ಬಿಟ್ಟುಬಿಡುತ್ತವೆ. ಎರೆ ಹೊಲದಲ್ಲಿ ನೀರು ನಿಂತ ವಾರಕ್ಕೆ ಬೆಳೆ ಹಳದಿಯಾಗುವುದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ?

ಆದ್ದರಿಂದ ಬಿತ್ತುವ ಮೊದಲು ಒಂದು ಸಲ ಮಣ್ಣು ಪರೀಕ್ಷೆ ಮಾಡಿಸಿ. ಎಕರೆಯಲ್ಲಿ ಎಂಟು-ಹತ್ತು ಕಡೆ ಒಂದು ಗೇಣು ಆಳದವರೆಗೆ ಮಣ್ಣು ತೆಗೆದು, ಚೆನ್ನಾಗಿ ಕಲಸಿ, ಅರ್ಧ ಕಿಲೋ ಕೊಟ್ಟರೆ ಸಾಕು. ಬದು, ತಿಪ್ಪೆ ಇದ್ದ ಜಾಗ, ಮರದ ನೆರಳು ಬೇಡ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೊಡಬಹುದು. ಇಲ್ಲವೇ ಹನುಮನಮಟ್ಟಿ, ಹುಲಕೋಟಿ, ಧಾರವಾಡದ ಸೈದಾಪುರ, ಈ ಮೂರು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ನಿಮಗೆ ಹತ್ತಿರದ್ದರಲ್ಲಿ ವಿಚಾರಿಸಿ.

ಎಷ್ಟು ಗೊಬ್ಬರ ಎಂಬ ಲೆಕ್ಕ

ನೀರಾವರಿ ಗೋವಿನಜೋಳಕ್ಕೆ ನಮ್ಮ ರಾಜ್ಯದ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ 150 ಕಿಲೋ ಸಾರಜನಕ, 75 ಕಿಲೋ ರಂಜಕ, 37.5 ಕಿಲೋ ಪೊಟ್ಯಾಷ್. ಎಕರೆಗೆ ಇಳಿಸಿದರೆ 60, 30, 15 ಕಿಲೋ. ಮಳೆಯಾಶ್ರಯಕ್ಕೆ ಹೆಕ್ಟೇರಿಗೆ 100, 50, 25. ಅಂದರೆ ಎಕರೆಗೆ 40, 20, 10. ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರ ಪ್ರಕಾರ ಹೆಚ್ಚು ಕಡಿಮೆ ಮಾಡಿ.

ಇಲ್ಲೇ ಬಹಳ ಜನ ತಪ್ಪುತ್ತಾರೆ. 60 ಕಿಲೋ ಸಾರಜನಕ ಅಂದರೆ 60 ಕಿಲೋ ಯೂರಿಯಾ ಅಲ್ಲ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಭಾಗ. 45 ಕಿಲೋ ಚೀಲದಲ್ಲಿ ಸುಮಾರು 20.7 ಕಿಲೋ. ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರದಲ್ಲೂ ಸಾರಜನಕ ಇದೆ, ನೂರಕ್ಕೆ 18. 50 ಕಿಲೋ ಚೀಲಕ್ಕೆ 9 ಕಿಲೋ. 20-20-0-13 ಸಂಯುಕ್ತ ಗೊಬ್ಬರದ 50 ಕಿಲೋ ಚೀಲ ತಂದಿದ್ದರೆ ಅದರಲ್ಲಿ 10 ಕಿಲೋ. ಚೀಲದ ಮೇಲಿನ ಮೊದಲನೇ ಅಂಕಿಯೇ ಸಾರಜನಕದ್ದು. ಇದನ್ನೆಲ್ಲ ಕೂಡಿಸಿಕೊಳ್ಳದೆ ಮೇಲೆ ಮತ್ತೆ ಮೂರು ಚೀಲ ಯೂರಿಯಾ ಹಾಕುವವರನ್ನು ನೋಡಿದ್ದೇನೆ.

ನೀರಾವರಿ ಒಂದು ಎಕರೆಗೆ ಲೆಕ್ಕ ಹೀಗೆ: ಡಿಎಪಿ 65 ಕಿಲೋ, ಮ್ಯುರಿಯೇಟ್ ಆಫ್ ಪೊಟ್ಯಾಷ್ 25 ಕಿಲೋ, ಯೂರಿಯಾ ಒಟ್ಟು 108 ಕಿಲೋ. ಈ ಯೂರಿಯಾವನ್ನು ಮೂರು ಪಾಲು ಮಾಡಬೇಕು. ಬಿತ್ತುವಾಗ ಡಿಎಪಿ, ಪೊಟ್ಯಾಷ್ ಜೊತೆ 18 ಕಿಲೋ ಮಾತ್ರ. ಬೆಳೆ ಮೊಣಕಾಲು ಎತ್ತರ ಬಂದಾಗ ಒಂದು ಚೀಲ. ಸೂಲಂಗಿ ಹೊರಡುವ ಹೊತ್ತಿಗೆ ಇನ್ನೊಂದು ಚೀಲ. ಬಾಯಿಪಾಠ ಮಾಡಲು ಸುಲಭ.

ಮಳೆಯಾಶ್ರಯಕ್ಕೆ ಡಿಎಪಿ 44 ಕಿಲೋ, ಪೊಟ್ಯಾಷ್ 17 ಕಿಲೋ, ಬಿತ್ತುವಾಗ ಯೂರಿಯಾ 26 ಕಿಲೋ. ಆಮೇಲೆ ಮೊಣಕಾಲು ಎತ್ತರಕ್ಕೆ ಒಂದು ಚೀಲ, ಅದೂ ನೆಲದಲ್ಲಿ ಹಸಿ ಇದ್ದರೆ.

ಕೊಟ್ಟಿಗೆ ಗೊಬ್ಬರ ಎಕರೆಗೆ 4 ಟನ್‌ವರೆಗೆ ಸಿಕ್ಕರೆ ಬಹಳ ಒಳ್ಳೆಯದು. ಮಸಾರಿಯಲ್ಲಂತೂ ನೀರು ಹಿಡಿಯುವ ಶಕ್ತಿ ಅದರಿಂದಲೇ ಬರಬೇಕು. ಸತುವಿನ ಸಲ್ಫೇಟ್ ಎಕರೆಗೆ 10 ಕಿಲೋ ಕೊಡಬಹುದು. ಅದನ್ನು ಡಿಎಪಿ ಜೊತೆ ಕಲಸಬೇಡಿ, ಎರಡೂ ಸೇರಿದರೆ ಗಿಡಕ್ಕೆ ಸಿಗದಂತಾಗುತ್ತವೆ. ಕೊಟ್ಟಿಗೆ ಗೊಬ್ಬರದ ಪುಡಿ ಜೊತೆ ಬೇರೆಯಾಗಿ ಹಾಕಿ.

ಮೊದಲೇ ಎಲ್ಲ ಹಾಕಿದರೆ ಏನಾಗುತ್ತದೆ?

ಮೊಳಕೆಯಿಂದ ಮೊದಲ 25-30 ದಿನ ಗೋವಿನಜೋಳದ ಹಸಿವು ಬಹಳ ಸಣ್ಣದು. ಬೇರೂ ಗಿಡ್ಡ. ಮೊಣಕಾಲು ಎತ್ತರ ದಾಟಿದ ಮೇಲೆ ಒಂದೇ ಸಮನೆ ಎಳೆದುಕೊಳ್ಳಲು ಶುರುಮಾಡುತ್ತದೆ. ತನ್ನ ಬಾಳಿನ ಒಟ್ಟು ಸಾರಜನಕದಲ್ಲಿ ಮೂರರಲ್ಲಿ ಎರಡು ಪಾಲನ್ನು ರೇಷ್ಮೆ ಎಳೆ (ತೆನೆಯ ತುದಿಯಲ್ಲಿ ಕೂದಲಿನಂತೆ ಕಾಣುವ ಹೆಣ್ಣು ಹೂವಿನ ಎಳೆ) ಬರುವುದರೊಳಗೆ ಮುಗಿಸಿರುತ್ತದೆ.

ಇನ್ನೊಂದು ಸಂಗತಿ ತಿಳಿದರೆ ಮೊಣಕಾಲು ಎತ್ತರದ ಗೊಬ್ಬರವನ್ನು ಯಾರೂ ತಡಮಾಡುವುದಿಲ್ಲ. ತೆನೆಯ ಸುತ್ತ ಕಾಳಿನ ಸಾಲು ಎಷ್ಟು ಎಂಬುದು ಬೆಳೆಗೆ ಆರೇಳು ಎಲೆ ಇರುವಾಗಲೇ ಒಳಗೊಳಗೇ ಗೊತ್ತಾಗಿಬಿಡುತ್ತದೆ. ನಮಗೆ ಆಗ ಸುಳಿ ಬಿಟ್ಟು ಏನೂ ಕಾಣುವುದಿಲ್ಲ. ತೆನೆ ಎಣಿಸಿ ನೋಡಿ, ಸಾಲು ಯಾವಾಗಲೂ 12, 14, 16 ಹೀಗೆ ಸರಿಸಂಖ್ಯೆ, ಯಾಕೆಂದರೆ ಕಾಳು ಜೋಡಿ ಜೋಡಿಯಾಗಿ ಹುಟ್ಟುತ್ತವೆ. ಒಂದು ಸಾಲಿನಲ್ಲಿ ಎಷ್ಟು ಕಾಳು ಎಂಬುದು ಆಮೇಲೆ, ಸೂಲಂಗಿವರೆಗೆ ತೀರ್ಮಾನವಾಗುತ್ತದೆ. ಅದರಲ್ಲಿ ಎಷ್ಟು ಕಾಳು ಕಟ್ಟುತ್ತವೆ ಎಂಬುದನ್ನು ಸೂಲಂಗಿಯ ಹತ್ತು ಹದಿನೈದು ದಿನ ನಿರ್ಧರಿಸುತ್ತವೆ. ಕಾಳಿನ ತೂಕ ಕೊನೆಯ ನೀರಿನ ಮೇಲೆ. ಹಂತಕ್ಕೊಂದು ಕೆಲಸ ಇದೆ. ತಪ್ಪಿದ ಹಂತಕ್ಕೆ ಆಮೇಲೆ ಎಷ್ಟು ಸುರಿದರೂ ವಾಪಸ್ ಬರುವುದಿಲ್ಲ.

ಒಂದು ಕ್ವಿಂಟಲ್ ಕಾಳು ಬೆಳೆಯಲು ಬೆಳೆಗೆ ಸುಮಾರು 2ರಿಂದ 2.5 ಕಿಲೋ ಸಾರಜನಕ ಬೇಕು. ಎಕರೆಗೆ 25 ಕ್ವಿಂಟಲ್ ಗುರಿ ಇಟ್ಟವರಿಗೆ 50ರಿಂದ 60 ಕಿಲೋ. ನೀರಿಲ್ಲದೆ 12 ಕ್ವಿಂಟಲ್ ಬರುವ ಹೊಲಕ್ಕೆ ಅಷ್ಟೇ ಯೂರಿಯಾ ಹಾಕಿದರೆ ಉಳಿದದ್ದು ಎಲ್ಲಿಗೆ ಹೋಗಬೇಕು? ಮಳೆ ಕಮ್ಮಿ ಇದ್ದಾಗ ಯೂರಿಯಾ ಜಾಸ್ತಿ ಮಾಡಿ ಸರಿತೂಗಿಸಲು ಆಗುವುದಿಲ್ಲ. ತದ್ವಿರುದ್ಧವೇ ಆಗುತ್ತದೆ. ಎಲೆ ದೊಡ್ಡದಾಗಿ ಹರಡಿ, ನೆಲದ ಹಸಿಯನ್ನು ಬೇಗ ಕುಡಿದು ಮುಗಿಸಿ, ಸೂಲಂಗಿ ಹೊತ್ತಿಗೆ ಬೆಳೆ ಬಾಯಾರಿ ನಿಲ್ಲುತ್ತದೆ.

ಮೊಣಕಾಲು ಎತ್ತರದ ಗೊಬ್ಬರ: ಹದ ನೋಡಿ ಹಾಕಿ

ಬಿತ್ತಿ 28ರಿಂದ 32 ದಿನ. ಮೃಗಶಿರಾದಲ್ಲಿ ಬಿತ್ತಿದವರಿಗೆ ಇದು ಪುನರ್ವಸು ಮಳೆಯ ಸಮಯ. ನೀರು ಮೊದಲೋ ಗೊಬ್ಬರ ಮೊದಲೋ ಎಂದು ಕೇಳುತ್ತಾರೆ. ನನ್ನ ಅನುಭವದಲ್ಲಿ ಉತ್ತರ ಮಣ್ಣಿನ ಮೇಲಿದೆ.

ಎರೆ ಹೊಲದಲ್ಲಿ ನೀರು ಮೊದಲು. ಮಳೆ ಬಿದ್ದು ಅಥವಾ ನೀರು ಹಾಯಿಸಿ, ಕಾಲು ಹೂತುಕೊಳ್ಳದ ಹದ ಬಂದ ಮೇಲೆ ಸಾಲಿನ ಪಕ್ಕ ನಾಲ್ಕು ಬೆರಳು ದೂರದಲ್ಲಿ ಯೂರಿಯಾ ಹಾಕಿ. ತಕ್ಷಣ ಎಡೆ ಹೊಡೆದು (ಸಾಲಿನ ನಡುವೆ ಕುಂಟೆ ಹಾಯಿಸಿ) ಮುಚ್ಚಿ. ಬೆಳಗ್ಗೆ ಹಾಕಿ ನಾಳೆ ಎಡೆ ಹೊಡೆಯುವುದು ಬೇಡ. ಎರಡು ಇಂಚು ಮಣ್ಣು ಮೇಲೆ ಬಿದ್ದರೂ ಗಾಳಿಗೆ ಹಾರುವುದು ಬಹಳ ಕಮ್ಮಿಯಾಗುತ್ತದೆ. ಕಳೆಯೂ ಹೋಗುತ್ತದೆ, ಬುಡಕ್ಕೆ ಮಣ್ಣೂ ಏರುತ್ತದೆ.

ಮಸಾರಿ ಹೊಲದಲ್ಲಿ ನೆಲ ಸ್ವಲ್ಪ ಹಸಿ ಇರುವಾಗ ಗೊಬ್ಬರ ಹಾಕಿ, ಮುಚ್ಚಿ, ಆಮೇಲೆ ತೆಳ್ಳಗೆ ನೀರು ಕೊಡಿ. ಸ್ಪ್ರಿಂಕ್ಲರ್ ಇದ್ದರೆ ಒಂದು-ಒಂದೂವರೆ ಗಂಟೆ ಸಾಕು. ಸಾಲು ತುಂಬಿ ಹರಿಯುವಂತೆ ಬಿಟ್ಟರೆ ಯೂರಿಯಾ ಕರಗಿ ತಗ್ಗಿನ ಕಡೆ ಹೋಗಿ ಸೇರುತ್ತದೆ. ಹೊಲದ ಒಂದು ಮೂಲೆ ಕಪ್ಪು ಹಸಿರು, ಇನ್ನೊಂದು ಮೂಲೆ ಹಳದಿ ಇದ್ದರೆ ಇದೇ ನಡೆದಿದೆ ಎಂದು ತಿಳಿಯಿರಿ.

ಒಣ ನೆಲಕ್ಕೆ, ಮೋಡ ನೋಡಿ, ನಾಳೆ ಮಳೆ ಬರುತ್ತದೆ ಎಂಬ ಆಸೆಯಲ್ಲಿ ಎರಚಬೇಡಿ. ಭಾರೀ ಮಳೆಯ ಮುನ್ಸೂಚನೆ ಇದ್ದಾಗಲೂ ಎರಡು ದಿನ ತಡೆಯಿರಿ. ಬೆಳಗ್ಗೆ ಎಲೆ ಮೇಲೆ ಇಬ್ಬನಿ ಇರುವಾಗ ಎರಚಿದರೆ ಹರಳು ಸುಳಿಯಲ್ಲಿ ಕೂತು ಸುಡುತ್ತವೆ. ಸುಳಿಯಲ್ಲಿ ಫಾಲ್ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ಬೇರೆ ಇದೆಯೇ ನೋಡಿಕೊಳ್ಳಿ. 2018ರಲ್ಲಿ ಭಾರತದಲ್ಲಿ ಇದು ಮೊದಲು ಕಂಡಿದ್ದೇ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಹುಳು ತಿಂದು ಸೊರಗಿದ ಬೆಳೆಗೆ ಯೂರಿಯಾ ಸುರಿದು ಚೇತರಿಸಲು ನೋಡುವುದು ವ್ಯರ್ಥ. ಮೊದಲು ಹುಳು ಹತೋಟಿ ಮಾಡಿ.

ಎಲೆ ಹಳದಿಯಾದರೆ ಗಾಬರಿ ಬೇಡ, ಓದಿ

ಹಳದಿ ಕಂಡ ಕೂಡಲೇ ಯೂರಿಯಾ ಅಂಗಡಿಗೆ ಓಡುವುದು ರೂಢಿ. ಹಳದಿಯಲ್ಲಿ ಹಲವು ಬಗೆ ಇವೆ.

ಸಾರಜನಕದ ಕೊರತೆ ಕೆಳಗಿನ, ಹಳೆಯ ಎಲೆಯಿಂದ ಶುರುವಾಗುತ್ತದೆ. ಎಲೆಯ ತುದಿಯಿಂದ ನಡು ನರದ ಗುಂಟ ಒಳಗೆ ಇಳಿಯುತ್ತದೆ, ಇಂಗ್ಲಿಷಿನ ವಿ ಅಕ್ಷರದ ಆಕಾರ. ಪೊಟ್ಯಾಷ್ ಕೊರತೆ ಇದ್ದರೆ ಎಲೆಯ ಅಂಚು ಸುಟ್ಟಂತಾಗುತ್ತದೆ, ನಡು ಹಸಿರೇ ಇರುತ್ತದೆ. ಸತುವಿನ ಕೊರತೆಯಲ್ಲಿ ಎಳೆ ಎಲೆಯ ಬುಡದಲ್ಲಿ ನರದ ಎರಡೂ ಬದಿ ಬಿಳಿಚಿದ ಪಟ್ಟೆ. ನೀರಿನ ಕೊರತೆ ಬಣ್ಣದಲ್ಲಿ ಅಲ್ಲ, ಎಲೆ ಸುತ್ತಿಕೊಳ್ಳುವುದರಲ್ಲಿ ಮೊದಲು ಕಾಣುತ್ತದೆ. ಮಧ್ಯಾಹ್ನ ಸುತ್ತಿ ಸಂಜೆಗೆ ಬಿಚ್ಚಿಕೊಂಡರೆ ಒಂದೆರಡು ದಿನ ತಡೆಯಬಹುದು. ಬೆಳಗ್ಗೆ ಒಂಬತ್ತಕ್ಕೇ ಸುತ್ತಿದ್ದರೆ ಅಂದೇ ನೀರು ಬೇಕು.

ನೀರು ನಿಂತು ಹಳದಿಯಾಗಿದ್ದರೆ? ಮೊದಲು ನೀರು ಹೊರಗೆ ಹಾಕಿ. ಬದು ಒಡೆದು ಕಾಲುವೆ ತೆಗೆಯಿರಿ. ಉಸಿರುಗಟ್ಟಿದ ಬೇರಿಗೆ ಗೊಬ್ಬರ ಎಳೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಮೂರು ನಾಲ್ಕು ದಿನದಲ್ಲಿ ಹದ ಬಂದ ಮೇಲೆ ಅರ್ಧ ಚೀಲ ಯೂರಿಯಾ ಸಾಲಿನ ಪಕ್ಕ ಕೊಟ್ಟು ಎಡೆ ಹೊಡೆಯಿರಿ. ಅಷ್ಟಕ್ಕೇ ಎಷ್ಟೋ ಹೊಲ ಎದ್ದಿವೆ. ಮಳೆ ಜಾಸ್ತಿ ಬೀಳುವ ಹಾನಗಲ್, ಕಲಘಟಗಿ ಕಡೆಯವರು ಬೋದು-ಸಾಲು (ಏರು ಮತ್ತು ತಗ್ಗು) ಮಾಡಿ ಬೋದಿನ ಬದಿಗೆ ಬಿತ್ತಿದರೆ ಈ ತೊಂದರೆಯೇ ಕಮ್ಮಿ.

ನಿಜವಾಗಿ ಯೂರಿಯಾ ಬೇಕೋ ಬೇಡವೋ ತಿಳಿಯಲು ನಾನು ಪ್ರತಿ ವರ್ಷ ಒಂದು ಕೆಲಸ ಮಾಡುತ್ತೇನೆ, ನೀವೂ ಮಾಡಿ. ಬಿತ್ತುವಾಗ ಹೊಲದ ನಡುವೆ ನಾಲ್ಕು ಸಾಲು, ಹತ್ತು ಮಾರು ಉದ್ದ ಗುರುತು ಹಾಕಿ. ಅಲ್ಲಿಗೆ ಮಾತ್ರ ಯೂರಿಯಾ ಒಂದೂವರೆ ಪಟ್ಟು ಕೊಡಿ. ಸೂಲಂಗಿಗೆ ವಾರ ಮೊದಲು ಆ ತುಂಡನ್ನೂ ಉಳಿದ ಹೊಲವನ್ನೂ ಪಕ್ಕಪಕ್ಕ ನೋಡಿ. ಬಣ್ಣ ಒಂದೇ ಇದ್ದರೆ ಹೊಲದಲ್ಲಿ ಸಾರಜನಕ ಸಾಕಷ್ಟಿದೆ, ಮೂರನೇ ಕಂತನ್ನು ಅರ್ಧಕ್ಕೆ ಇಳಿಸಬಹುದು. ಹೊಲ ಎದ್ದು ಕಾಣುವಷ್ಟು ಪೇಲವ ಇದ್ದರೆ ಪೂರ್ತಿ ಕೊಡಿ. ಎಲೆಯ ಹಸಿರನ್ನು ಹೋಲಿಸಿ ನೋಡುವ ಎಲೆ ಬಣ್ಣದ ಪಟ್ಟಿ ಸಿಕ್ಕರೆ ಅದೂ ಒಳ್ಳೆಯದೇ. ನಿಮ್ಮ ನೆರಳಲ್ಲಿ ಎಲೆ ಹಿಡಿದು, ಪೂರ್ತಿ ಬಿಚ್ಚಿದ ಮೇಲಿನ ಎಲೆಯನ್ನು ಹತ್ತು ಗಿಡದಲ್ಲಿ ನೋಡಿ.

ಸೂಲಂಗಿ: ಇಲ್ಲಿ ಕಂಜೂಸಿ ಮಾಡಬೇಡಿ

ಬಿತ್ತಿ 50-55 ದಿನದಿಂದ 75 ದಿನದವರೆಗೆ. ಇಡೀ ಬೆಳೆಯ ಬಾಳು ಈ ಮೂರು ವಾರದಲ್ಲಿದೆ ಎಂದರೂ ತಪ್ಪಿಲ್ಲ.

ನೀರು ಸಾಕಷ್ಟಿದ್ದರೆ ಸೂಲಂಗಿ ಬಂದು ಎರಡು-ಮೂರು ದಿನದಲ್ಲಿ ತೆನೆಯ ರೇಷ್ಮೆ ಹೊರಗೆ ಬರುತ್ತದೆ. ಪರಾಗ ಉದುರುವ ಹೊತ್ತಿಗೆ ರೇಷ್ಮೆ ಕಾದಿರುತ್ತದೆ. ಒಂದೊಂದು ರೇಷ್ಮೆ ಎಳೆಗೂ ಒಂದೊಂದು ಕಾಳು. ನೀರು ಕಮ್ಮಿಯಾದರೆ ಸೂಲಂಗಿ ಸಮಯಕ್ಕೆ ಬರುತ್ತದೆ, ರೇಷ್ಮೆ ಮಾತ್ರ ತಡವಾಗುತ್ತದೆ. ತೆನೆಯ ತುದಿಯ ಎಳೆಗಳು ಎಲ್ಲಕ್ಕಿಂತ ಕೊನೆಗೆ ಬರುವುದರಿಂದ ಅವು ಹೊರಬರುವಷ್ಟರಲ್ಲಿ ಪರಾಗ ಮುಗಿದಿರುತ್ತದೆ. ನನ್ನ ಹೊಲದ ಬೋಳು ತುದಿಗೆ ಅದೂ ಒಂದು ಕಾರಣ. ಈ ಸಮಯದಲ್ಲಿ ಒಂದು ವಾರ ಬಾಡಿ ನಿಂತರೆ ಇಳುವರಿ ಅರ್ಧಕ್ಕೆ ಇಳಿಯಬಹುದು.

ಮೂರನೇ ಕಂತಿನ ಯೂರಿಯಾ ಸೂಲಂಗಿ ಸುಳಿಯಲ್ಲಿ ಕಾಣುವ ಮೊದಲೇ, ಅಂದರೆ 50ನೇ ದಿನದ ಆಸುಪಾಸು ಹಾಕಿ. ರೇಷ್ಮೆ ಕಂದು ತಿರುಗಿದ ಮೇಲೆ ಹಾಕಿ ಉಪಯೋಗವಿಲ್ಲ. ಎಡೆ ಹೊಡೆಯಲು ಎತ್ತು ಒಳಗೆ ಹೋಗದಷ್ಟು ಬೆಳೆದಿರುತ್ತದೆ. ಆದ್ದರಿಂದ ಬುಡದ ಪಕ್ಕ ಕೈಯಿಂದ ಹಾಕಿ ಕಾಲಿನಿಂದ ಮಣ್ಣು ಎಳೆಯಿರಿ, ಅದೇ ದಿನ ನೀರು ಕೊಡಿ. ಕೆಲಸ ಜಾಸ್ತಿ, ಆದರೂ ಎರಚುವುದಕ್ಕಿಂತ ಮೇಲು.

ನೀರು ಕಮ್ಮಿ ಇರುವವರು ಲೆಕ್ಕ ಹಾಕಿ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು ಒಂದು ಲಕ್ಷ ಲೀಟರ್. ನಿಮ್ಮ ಪೈಪಿನ ಕೆಳಗೆ 200 ಲೀಟರ್ ಡ್ರಮ್ ಇಟ್ಟು ಗಡಿಯಾರ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 12,000 ಲೀಟರ್. ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಎಂದರೆ 84,000 ಲೀಟರ್. ಎರಡು ಇಂಚು ನೀರು ಕೊಡಲು ಎಕರೆಗೆ ಎರಡೂವರೆ ದಿನ ಬೇಕು. ಸೂಲಂಗಿಯಲ್ಲಿ ಮಸಾರಿಗೆ ನಾಲ್ಕೈದು ದಿನಕ್ಕೊಮ್ಮೆ ಒಂದು ಇಂಚು ಬೇಕು ಎಂದರೆ ಆ ಬೋರ್‌ವೆಲ್ಲಿಗೆ ಮೂರು ಎಕರೆ ದಾಟಿ ಬಿತ್ತಬಾರದು. ಐದು ಎಕರೆ ಬಿತ್ತಿ ಎಲ್ಲವನ್ನೂ ಅರೆಹೊಟ್ಟೆಯಲ್ಲಿ ಇಡುವುದಕ್ಕಿಂತ ಇದು ಒಳ್ಳೆಯದು.

ಇದ್ದ ನೀರನ್ನು ಹಿಗ್ಗಿಸಲು ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಬಿಡಿ. ಮುಂದಿನ ಸಲ ಬಿಟ್ಟ ಸಾಲಿಗೆ. ಎರೆಯಲ್ಲಿ ನೀರು ಪಕ್ಕಕ್ಕೂ ಹರಡುವುದರಿಂದ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಎರೆ ಬಿರುಕು ಬಿಡುವವರೆಗೆ ಕಾಯಬೇಡಿ. ಬಿರುಕಿಗೆ ಬಿಟ್ಟ ನೀರು ಬೇರು ಮುಟ್ಟದೆ ಆಳಕ್ಕೆ ಇಳಿಯುತ್ತದೆ. ಕೃಷಿ ಹೊಂಡ ಇದ್ದವರಂತೂ ಆ ನೀರನ್ನು ಬೇರೆ ಯಾವುದಕ್ಕೂ ಕೊಡದೆ ಈ ಹದಿನೈದು ದಿನಕ್ಕೆ ಕಾಯ್ದಿಡಿ. ಹುಬ್ಬಾ ಮಳೆ ಕೈಕೊಟ್ಟ ವರ್ಷ ಒಂದೇ ಒಂದು ನೀರು ಬೆಳೆ ಉಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸ್ಪ್ರಿಂಕ್ಲರ್ ಇರುವವರು ಈ ದಿನಗಳಲ್ಲಿ ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ನಿಲ್ಲಿಸಿ. ಪರಾಗ ಉದುರುವುದು ಆ ಹೊತ್ತಿನಲ್ಲೇ ಹೆಚ್ಚು. ಕೋಲು ಬೆಳೆಗಿಂತ ಎತ್ತರ ಇರಲಿ, ಇಲ್ಲದಿದ್ದರೆ ನೀರು ಹತ್ತಿರದ ಗಿಡಕ್ಕೇ ಹೊಡೆದು ದೂರ ಹೋಗುವುದಿಲ್ಲ. ಡ್ರಿಪ್ ಇದ್ದರೆ ಯೂರಿಯಾವನ್ನು ಆರು-ಎಂಟು ಕಂತು ಮಾಡಿ ನೀರಿನ ಜೊತೆಯೇ ಬಿಡಬಹುದು. ನೀರು ಬಿಡುವ ಸಮಯದ ನಡುವಿನ ಭಾಗದಲ್ಲಿ ಗೊಬ್ಬರ, ಮೊದಲಿಗೂ ಕೊನೆಗೂ ಬರೀ ನೀರು.

ನ್ಯಾನೊ ಯೂರಿಯಾ ಬಗ್ಗೆ ಬಹಳ ಜನ ಕೇಳುತ್ತಾರೆ. 500 ಮಿಲಿ ಬಾಟಲಿಯಲ್ಲಿರುವ ಸಾರಜನಕ ಗ್ರಾಂ ಲೆಕ್ಕದ್ದು, ಚೀಲದಲ್ಲಿರುವುದು ಕಿಲೋ ಲೆಕ್ಕದ್ದು. ಎಲೆಗೆ ಸಿಂಪಡಿಸುವವರು ಸಿಂಪಡಿಸಲಿ, ನೆಲಕ್ಕೆ ಕೊಡುವುದನ್ನು ಅದರ ನಂಬಿಕೆಯಲ್ಲಿ ಬಿಡಬೇಡಿ.

ಬೇಸಿಗೆ ಬೆಳೆ ಮಾಡುವವರಿಗೆ ಒಂದು ಮಾತು. ಸೂಲಂಗಿ ಏಪ್ರಿಲ್ ಬಿಸಿಲಿಗೆ ಸಿಗದಂತೆ ಬೇಗನೇ ಬಿತ್ತಿ. ಉಷ್ಣತೆ 38 ಡಿಗ್ರಿ ದಾಟಿದರೆ ಪರಾಗವೇ ಸಾಯುತ್ತದೆ. ಆಗ ನೀರಿದ್ದರೂ ಕಾಳು ಕಟ್ಟುವುದು ಕಷ್ಟ.

ಕೊನೆಯ ನೀರು ಮತ್ತು ಮೇವಿನ ಎಚ್ಚರಿಕೆ

ಕಾಳು ಹಾಲು ತುಂಬಿದ ಮೇಲೆ ಯೂರಿಯಾ ಬೇಡ, ನೀರು ಬೇಕು. 85-90 ದಿನದವರೆಗೆ ನೆಲ ಪೂರ್ತಿ ಒಣಗಲು ಬಿಡಬೇಡಿ. ಹೂವಾದ ಮೇಲೆ ಬೆಳೆ ಬಾಯಾರಿದರೆ ಕಾಂಡದ ಒಳಗೆ ಕಪ್ಪಾಗಿ ಕೊಳೆತು ಗಿಡ ಮುರಿದು ಬೀಳುತ್ತದೆ. ಯೂರಿಯಾ ಜಾಸ್ತಿ, ಪೊಟ್ಯಾಷ್ ಕಮ್ಮಿ, ನೀರಿಲ್ಲ, ಈ ಮೂರೂ ಸೇರಿದ ಹೊಲದಲ್ಲಿ ಇದು ಹೆಚ್ಚು. ಕಾಳಿನ ಬುಡ ಉಗುರಿನಿಂದ ಕೆರೆದು ನೋಡಿ. ಕಪ್ಪು ಚುಕ್ಕೆ ಮೂಡಿದ್ದರೆ ಬೆಳೆ ಬಲಿತಿದೆ, ಇನ್ನು ನೀರು ಬೇಡ.

ಇದನ್ನು ದನ ಸಾಕಿದವರು ಮನಸ್ಸಿಟ್ಟು ಓದಿ. ಯೂರಿಯಾ ಚೆನ್ನಾಗಿ ಹಾಕಿ ಆಮೇಲೆ ಮಳೆ ಕೈಕೊಟ್ಟು ಬಾಡಿದ ಹಸಿ ಗೋವಿನಜೋಳವನ್ನು "ಹಾಳಾಗೋದಕ್ಕಿಂತ ದನಕ್ಕಾದರೂ ಆಗಲಿ" ಎಂದು ಕೊಯ್ದು ಹಾಕುತ್ತೇವೆ. ಬೆಳೆ ಎಳೆದುಕೊಂಡ ನೈಟ್ರೇಟ್ ಬೆಳವಣಿಗೆ ನಿಂತಾಗ ಕಾಂಡದ ಕೆಳಭಾಗದಲ್ಲಿ ಕೂಡಿಕೊಂಡಿರುತ್ತದೆ. ದನದ ಹೊಟ್ಟೆಯಲ್ಲಿ ಅದು ವಿಷವಾಗುತ್ತದೆ. ಉಸಿರಾಟ ಜೋರಾಗಿ, ನಡುಗಿ, ಬಿದ್ದುಬಿಡುತ್ತವೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಬರದ ನಂತರ ಮಳೆ ಬಿದ್ದ ಮೊದಲ ವಾರ ಇನ್ನೂ ಅಪಾಯ. ಅಂಥ ಬೆಳೆಯನ್ನು ಒಂದು ಗೇಣು ಬುಡ ಬಿಟ್ಟು ಮೇಲಕ್ಕೆ ಕೊಯ್ಯಿರಿ. ಒಣ ಮೇವಿನ ಜೊತೆ ಸ್ವಲ್ಪ ಸ್ವಲ್ಪವೇ ಕೊಡಿ, ಹಸಿದ ದನಕ್ಕೆ ಒಮ್ಮೆಲೇ ಹಾಕಬೇಡಿ. ಒಣಗಿಸಿಟ್ಟರೂ ನೈಟ್ರೇಟ್ ಹೋಗುವುದಿಲ್ಲ. ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ, ಇದಕ್ಕೆ ಮದ್ದಿದೆ.

ಮುರಿಯುವ ಮುಂಚೆ ಹತ್ತು ತೆನೆ ಸುಲಿಯಿರಿ

ಹೊಲದ ಬೇರೆ ಬೇರೆ ಕಡೆಯಿಂದ ಹತ್ತು ತೆನೆ ತಂದು ಕಟ್ಟೆ ಮೇಲೆ ಸಾಲಾಗಿ ಇಡಿ. ತುದಿ ಬೋಳಾಗಿದ್ದರೆ ಸೂಲಂಗಿ ಸಮಯದಲ್ಲಿ ನೀರು ಅಥವಾ ಸಾರಜನಕ ಸಾಲದೇ ಹೋಗಿದೆ. ನಡುನಡುವೆ ಕಾಳು ಇಲ್ಲದೆ ಹಲ್ಲು ಬಿದ್ದಂತೆ ಇದ್ದರೆ ಪರಾಗ ಸೇರಿಲ್ಲ, ಬಿಸಿಲೋ ಬಾಯಾರಿಕೆಯೋ ಕಾರಣ. ಸಾಲು 12ಕ್ಕೆ ಇಳಿದಿದ್ದು ಅದೇ ತಳಿ ಬೇರೆಯವರಲ್ಲಿ 14-16 ಇದ್ದರೆ ಮೊಣಕಾಲು ಎತ್ತರಕ್ಕಿಂತ ಮೊದಲೇ ಬೆಳೆ ಸೊರಗಿತ್ತು. ತೆನೆ ತುಂಬಿದೆ, ಆದರೆ ಕಾಳು ಜೊಳ್ಳು, ಹಗುರ ಎಂದರೆ ಕೊನೆಯ ನೀರು ತಪ್ಪಿದೆ.

ಯಾವ ದಿನ ಬಿತ್ತಿದಿರಿ, ಯಾವ ದಿನ ಎಷ್ಟು ಯೂರಿಯಾ, ಯಾವ ದಿನ ನೀರು, ಮಳೆ ಯಾವಾಗ ಬಂತು, ತೆನೆ ಹೇಗಿತ್ತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪಹಣಿ ಇಡುವ ಚೀಲದಲ್ಲೇ ಇಡಿ. ಮುಂದಿನ ರೋಹಿಣಿ ಮಳೆಗೆ ಬೀಜ ತರಲು ಹೊರಡುವ ದಿನ ಅದನ್ನು ತೆಗೆದು ಓದಿ.